ದುಬೈಯಲ್ಲಿ ಕೇಳಿದ ಕೊಸರು

ದುಬೈಗೆ ಹೋಗಿ ಬಂದವರು ಚಿನ್ನದ ಅಂಗಡಿಗಳ ಬಗ್ಗೆ ಹೇಳುತ್ತಾರೆ, ಕತ್ತೆತ್ತಿ ನೋಡಿದರೂ ಮುಗಿಯದ ಕಟ್ಟಡಗಳ ಬಗ್ಗೆ ಹೇಳುತ್ತಾರೆ. ನಾನು ಅಲ್ಲಿ ಎಲ್ಲಕ್ಕಿಂತ ಹೆಚ್ಚು ನೋಡಿದ್ದು ಒಂದು ಆಸ್ಪತ್ರೆಯ ಚಾವಣಿ. ಬಿಳಿ ಬಣ್ಣದ್ದು, ಒಂದು ಮೂಲೆಯಲ್ಲಿ ಸಣ್ಣ ಬಿರುಕು. ಅದರ ಬಗ್ಗೆ ಪುಟಗಟ್ಟಲೆ ಬರೆಯಬಲ್ಲೆ, ಆದರೆ ಓದುವವರಿಗೂ ತಾಳ್ಮೆ ಎಂಬುದೊಂದು ಇರುತ್ತದೆ. ಹಾಗಾಗಿ ಆ ಚಾವಣಿಯ ಕೆಳಗೆ ನಾನು ಯಾಕೆ ಹೋಗಿ ಮಲಗಿದೆ, ಸುತ್ತ ನಿಂತವರು ಏನೇನು ಮಾತಾಡಿದರು ಎಂಬುದನ್ನಷ್ಟೇ ಹೇಳುತ್ತೇನೆ.

ಹೊನ್ನಾವರ

ನನ್ನ ತವರು ಕುಮಟಾ. ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಡ ಮಂಜುನಾಥ ಆಗ ದುಬೈಯಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿದ್ದರು. ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ವರ್ಷಕ್ಕೊಮ್ಮೆ ತಿಂಗಳ ರಜೆಯಲ್ಲಿ ಬಂದು ಹೋಗುವ ಗಂಡನಿಂದ ಮಕ್ಕಳು ಹೇಗೆ ಆಗಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಮಾತ್ರ ಎಲ್ಲರೂ ಕೇಳುತ್ತಿದ್ದರು, ಅದೂ ನನ್ನನ್ನೇ ಕೇಳುತ್ತಿದ್ದರು. ಮಂಗಳೂರಿನಲ್ಲಿ ಒಮ್ಮೆ ಪ್ರನಾಳ ಶಿಶುವಿನ ಚಿಕಿತ್ಸೆ ಮಾಡಿಸಿ, ಫಲ ಸಿಗದೆ, ಆರು ತಿಂಗಳು ಯಾರ ಬಾಣಂತನಕ್ಕೂ ಹೋಗದೆ ಕೂತಿದ್ದೆ.

ಅಷ್ಟರಲ್ಲಿ ದುಬೈಯಿಂದ ಸುದ್ದಿ ಬಂತು. ಮಂಜುನಾಥರ ವರ್ಕ್‌ಶಾಪಿನ ಮಾಲೀಕರು ಭಟ್ಕಳದವರು. ಅವರ ಹೆಂಡತಿ ಜುಲೇಖಾಬಿಗೆ ಪರಿಚಯದ ಒಂದು ಆಸ್ಪತ್ರೆಯಲ್ಲಿ ಭ್ರೂಣಗಳನ್ನು ಆರಿಸಲು ಹೊಸ ಪರೀಕ್ಷೆಯೊಂದು ಬಂದಿದೆಯಂತೆ. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಅವರಿಗೆ ಜನ ಬೇಕಂತೆ. ಒಪ್ಪಿದವರಿಗೆ ಒಂದು ಸಲ, ಒಂದೇ ಸಲ, ಚಿಕಿತ್ಸೆ ಪುಕ್ಕಟೆ. ನಮ್ಮಂಥವರಿಗೆ ಇದು ಬಿಟ್ಟು ಬೇರೆ ಬಾಗಿಲು ತೆರೆಯುವಂತಿರಲಿಲ್ಲ. ಇದು ತಪ್ಪಿದರೆ ಮುಂದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅತ್ತೆಯೂ ಹೊರಟರು. ಅತ್ತೆ ಮಾವಿನಕುರ್ವೆಯವರು, ಹೊನ್ನಾವರದ ಪೇಟೆಯಲ್ಲಿ ಮೂವತ್ತು ವರ್ಷದಿಂದ ಮೀನು ಮಾರುವವರು. ಅವರ ವ್ಯಾಪಾರಕ್ಕೆ ಒಂದು ಕ್ರಮವಿದೆ. ಗಿರಾಕಿ ಬೆಲೆ ಕೇಳಬೇಕು, ಇವರು ಹೇಳಬೇಕು, ಗಿರಾಕಿ ಎದ್ದು ಹೋದ ಹಾಗೆ ಮಾಡಬೇಕು, ಇವರು ಕರೆದ ಹಾಗೆ ಮಾಡಬೇಕು. ಎಲ್ಲ ಮುಗಿದು ಮೀನು ಚೀಲಕ್ಕೆ ಬಿದ್ದ ಮೇಲೆ ಒಂದು ಕೊಸರು ಹಾಕಬೇಕು. ಕೊಸರು ಎಂದರೆ ಲೆಕ್ಕಕ್ಕೆ ಸೇರದ್ದು, ಮೇಲಿಂದ ಸುಮ್ಮನೆ ಕೊಡುವ ಒಂದು ಮೀನು. ಅದಿಲ್ಲದೆ ಗಿರಾಕಿ ಹೋದರೆ ವ್ಯಾಪಾರ ಮುಗಿದಂತೆ ಅಲ್ಲ. ಅತ್ತೆ ಯಾರಿಗೂ ಕೊಸರು ತಪ್ಪಿಸಿದವರಲ್ಲ. ಬುಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಮೀನು ಯಾವುದೆಂದು ಹುಡುಕಿ ಅದನ್ನೇ ಹಾಕುತ್ತಿದ್ದರು, ಅದು ಬೇರೆ ಮಾತು.

ಹೊರಡುವ ಮುಂಚೆ ಊರ ದೇವರಲ್ಲಿ ಪ್ರಸಾದ ಕೇಳಿದರು. ದೇವರ ಮೈಗೆ ಒದ್ದೆ ಹೂ ಅಂಟಿಸಿ ಪ್ರಾರ್ಥಿಸುವುದು, ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಮೊದಲ ಸಲ ಹೂ ಎಡಕ್ಕೆ ಬಿತ್ತು. ನನ್ನ ಜೀವ ಅಲ್ಲೇ ಅರ್ಧ ಹೋಯಿತು.

ಅತ್ತೆ ಮಾತ್ರ ಅಲುಗಲಿಲ್ಲ. "ಭಟ್ರೇ, ನೀವು ಸಮಾ ಕೇಳ್ಲಿಲ್ಲ. ದುಬೈ ಅಂದ್ರೆ ದೇವ್ರಿಗೆ ಎಂತ ಗೊತ್ತು? ಬಿಡಿಸಿ ಹೇಳಿ, ಇನ್ನೊಂದ್ಸಲ ಕೇಳಿ" ಎಂದರು. ಭಟ್ಟರು ಬಿಡಿಸಿ ಹೇಳಿದರು. ಎರಡನೇ ಸಲ ದೇವರು ಒಪ್ಪಿಕೊಂಡ.

ಭಟ್ಕಳ

ಆಗಿನ್ನೂ ಮಂಗಳೂರಿನಿಂದ ದುಬೈಗೆ ವಿಮಾನ ಹೊಸತು. ನಾವು ಭಟ್ಕಳದಲ್ಲಿ ಇಳಿದು ಜುಲೇಖಾಬಿಯ ತವರಿನಿಂದ ಒಂದು ಸಣ್ಣ ಕಟ್ಟು ತೆಗೆದುಕೊಂಡು ಮುಂದೆ ಹೋಗುವುದೆಂದು ಮಾತಾಗಿತ್ತು. ಭಟ್ಕಳದಲ್ಲಿ ಸಣ್ಣ ಕಟ್ಟು ಎಂಬ ವಸ್ತುವೇ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾವು ದುಬೈಗೆ ಹೋಗುವ ಸುದ್ದಿ ಆ ಓಣಿಯನ್ನು ನಮಗಿಂತ ಮೊದಲೇ ಮುಟ್ಟಿತ್ತು. ಶ್ಯಾವಿಗೆ, ಹಲ್ವ, ಉಪ್ಪಿನಕಾಯಿ, ಯಾರದೋ ಕನ್ನಡಕ, ಯಾರದೋ ಮೊಮ್ಮಗನ ಉಣ್ಣೆ ಟೋಪಿ. ದುಬೈಯಲ್ಲಿ ಉಣ್ಣೆ ಟೋಪಿ ಯಾಕೆ ಎಂದು ನಾನು ಕೇಳಿದೆ. "ಅಲ್ಲಿ ಎಲ್ಲಾ ಎಸಿ ಅಲ್ಲವಾ ಮೇಡಂ" ಎಂದು ಉತ್ತರ ಬಂತು. ಕೊನೆಗೆ ಒಬ್ಬ ಮುದುಕಿ ಬಾಳೆಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆಯನ್ನು ನನ್ನ ಕೈಗಿಟ್ಟು, ಇದನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡು ಹೋಗು ಎಂದರು.

ವಿಮಾನ ನಿಲ್ದಾಣದಲ್ಲಿ ತೂಕ ಮೀರಿತು. ನನ್ನ ಎರಡು ಸೀರೆ, ಅತ್ತೆಯ ಒಂದು ಸೀರೆ ಹೊರಬಂದವು. ಉಣ್ಣೆ ಟೋಪಿ ವಿಮಾನ ಹತ್ತಿತು.

ದೇರಾ

ದುಬೈಯ ದೇರಾ ಎಂಬ ಕಡೆ ಜುಲೇಖಾಬಿಯ ಮನೆ. ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಮನೆಯ ಮುಂದೆ ನಿಂತರೆ ಲೋಕದಲ್ಲೇ ಎತ್ತರದ ಕಟ್ಟಡ ಏಳುತ್ತಿರುವುದು ದೂರದಲ್ಲಿ ಕಾಣುತ್ತದೆ ಎಂದು ಮಂಜುನಾಥ ತೋರಿಸಿದರು. ನನಗೆ ಕಂಡದ್ದು ಧೂಳು ಮತ್ತು ಕ್ರೇನು. ಅತ್ತೆ ನೋಡಿ, "ಇಷ್ಟ್ ಮೇಲೆ ಹೋಗಿ ಎಂತ ಮಾಡೂದು? ಮೀನು ಮಾರೂಳು ಮೇಲೆ ಹತ್ತೂಕೆ ಆತದಾ?" ಎಂದರು. ಅದಕ್ಕೆ ದುಬೈ ಇಂದಿಗೂ ಉತ್ತರ ಕೊಟ್ಟ ಹಾಗೆ ಕಾಣುವುದಿಲ್ಲ.

ಭಟ್ಕಳದ ಮನೆಮಾತಾದ ಜುಲೇಖಾಬಿಯ ನವಾಯತಿಯೂ ಅತ್ತೆ ಪೇಟೆಯಲ್ಲಿ ಕಲಿತ ಕೊಂಕಣಿಯೂ ಒಂದೇ ಅಜ್ಜಿಯ ಎರಡು ಮನೆಗಳ ಹಾಗೆ. ಬಾಗಿಲಲ್ಲಿ ಮಾತು ಶುರುಮಾಡಿದವರು ಅಡಿಗೆಮನೆಗೆ ಹೋಗುವಷ್ಟರಲ್ಲಿ ಅಕ್ಕತಂಗಿಯರಾಗಿದ್ದರು. ನಾನು ಮಲ್ಲಿಗೆಯ ಎಲೆ ಬಿಚ್ಚಿದಾಗ ಜುಲೇಖಾಬಿ ಅದನ್ನು ಮುಖಕ್ಕೆ ಹಿಡಿದು ಮೂಸಿ, ಅಲ್ಲೇ ಮುಡಿದುಕೊಂಡರು.

ಆಮೇಲೆ ಊಟ. ಅದನ್ನು ಊಟ ಎನ್ನುವುದಕ್ಕಿಂತ ಮುತ್ತಿಗೆ ಎನ್ನಬಹುದು. ತಟ್ಟೆ ಖಾಲಿಯಾಗುವುದನ್ನು ಆ ಮನೆಯಲ್ಲಿ ಯಾರೂ ನೋಡಿ ಸಹಿಸುತ್ತಿರಲಿಲ್ಲ. ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನಾನು ಚೆನ್ನಾಗಿ ಉಣ್ಣುವವಳು. ಮದುವೆಗೆ ಮುಂಚೆ ಇವರು ಕುಮಟಾಕ್ಕೆ ಹೆಣ್ಣು ನೋಡಲು ಬಂದ ದಿನ ನಾನು ಶಾಲೆಯ ಪರೀಕ್ಷೆಯ ಕೆಲಸ ಮುಗಿಸಿ ಹಸಿದು ಬಂದವಳು, ಬಂದವರೆದುರೇ ಎರಡು ಸಲ ಅವಲಕ್ಕಿ ಹಾಕಿಸಿಕೊಂಡು ತಿಂದಿದ್ದೆ. ಹುಡುಗಿ ಕಡಿಮೆ ತಿನ್ನಬೇಕು, ಕಡಿಮೆ ಮಾತಾಡಬೇಕು ಎಂದು ನನಗೆ ಮೂರು ದಿನದಿಂದ ಹೇಳಿಕೊಟ್ಟಿದ್ದ ನನ್ನ ತಾಯಿ ಒಳಗೆ ಹೋಗಿ ಅತ್ತಿದ್ದರು. ಅತ್ತೆ ಮಾತ್ರ, "ಉಂಬ ಹುಡ್ಗಿ. ಆತು, ನಂಗೆ ಒಪ್ಗೆ" ಎಂದು ಎದ್ದಿದ್ದರು. ಅದು ನೆನಪಿದ್ದುದರಿಂದಲೇ ಆಸ್ಪತ್ರೆಯಲ್ಲಿ ಮುಂದೆ ಕೇಳಿದ್ದು ನನಗೆ ಅಷ್ಟು ನಗು ತರಿಸಿತು.

ಆಸ್ಪತ್ರೆ

ಡಾಕ್ಟರ್ ಸಮೀರಾ ಈಜಿಪ್ಟಿನವರು. ನನ್ನ ವಯಸ್ಸಿನವರೇ ಇರಬೇಕು. ಅವರ ಇಂಗ್ಲಿಷನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಬೇಕು, ಅತ್ತೆಯ ಕನ್ನಡವನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ಎರಡೂ ಕಡೆ ನಾನು ಸಾಕಷ್ಟು ನುಂಗುತ್ತಿದ್ದೆ. ನುಂಗದಿದ್ದರೆ ನಮ್ಮನ್ನು ಮೊದಲ ದಿನವೇ ಹೊರಗೆ ಕಳಿಸುತ್ತಿದ್ದರು.

ಪರೀಕ್ಷೆ ಹೀಗೆ. ಭ್ರೂಣ ಗಾಜಿನ ತಟ್ಟೆಯಲ್ಲಿ, ಒಂದು ಹನಿ ಪೋಷಕ ದ್ರಾವಣದಲ್ಲಿ ಬೆಳೆಯುತ್ತದೆ. ಇಷ್ಟು ದಿನ ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವುದು ಚೆಂದವಾಗಿ ದುಂಡಗಿದೆಯೋ ಅದನ್ನು ಆರಿಸುತ್ತಿದ್ದರು. ಆದರೆ ಚೆಂದವಾಗಿರುವುದೆಲ್ಲ ಬದುಕುವುದಿಲ್ಲ. ಅದಕ್ಕೇ ಈಗ ಭ್ರೂಣವನ್ನು ಬಿಟ್ಟು ಅದು ಮಿಂದ ನೀರನ್ನು ನೋಡುತ್ತಾರೆ. ಎಷ್ಟು ಸಕ್ಕರೆ ತಿಂದಿದೆ, ಪ್ರೋಟೀನಿನ ಚೂರುಗಳಲ್ಲಿ ಯಾವುದನ್ನು ತೆಗೆದುಕೊಂಡಿದೆ, ಏನನ್ನು ಹೊರಗೆ ಬಿಟ್ಟಿದೆ. ಇವಕ್ಕೆ ಜೀವರಾಸಾಯನಿಕ ಸೂಚಕಗಳು ಎಂದು ಹೆಸರು. ಹನಿಯ ಮೇಲೆ ಬೆಳಕು ಹಾಯಿಸಿದರೆ ಯಂತ್ರ ಅಂಕ ಕೊಡುತ್ತದೆ.

"ಯಾವುದಕ್ಕೆ ಜಾಸ್ತಿ ಅಂಕ?" ಎಂದು ಕೇಳಿದೆ.

"ನಮ್ಮ ತಿಳುವಳಿಕೆಯ ಪ್ರಕಾರ, ಶಾಂತವಾಗಿರುವುದಕ್ಕೆ" ಎಂದರು ಡಾಕ್ಟರ್. "ಒಳ್ಳೆಯ ಭ್ರೂಣ ಕಡಿಮೆ ತಿನ್ನುತ್ತದೆ, ಗಲಾಟೆ ಮಾಡುವುದಿಲ್ಲ. ಒಳಗೆ ತೊಂದರೆ ಇರುವುದು ಅದನ್ನು ಸರಿಪಡಿಸಿಕೊಳ್ಳಲು ಹೆಚ್ಚು ತಿನ್ನುತ್ತದೆ."

ನನ್ನ ತಾಯಿಯ ಮಾತನ್ನು ಯಂತ್ರದ ಬಾಯಲ್ಲಿ ಕೇಳಲು ನಾನು ಸಮುದ್ರ ದಾಟಿ ಬಂದಿದ್ದೆ. ಕಡಿಮೆ ತಿನ್ನು, ಬಾಯಿ ಮುಚ್ಚಿಕೊಂಡಿರು, ಆರಿಸಿಕೊಳ್ಳುತ್ತಾರೆ. ನಗು ತಡೆದುಕೊಂಡು ಅತ್ತೆಗೆ ವಿವರಿಸಿದೆ.

ಅತ್ತೆ ಹುಬ್ಬು ಗಂಟಿಕ್ಕಿದರು. "ತಿನ್ನೂದಿಲ್ಲ, ಕುಣಿಯೂದಿಲ್ಲ ಅಂದ್ರೆ ಅದ್ಕೆ ಜ್ವರ ಬಂದದೆ ಅಂತ ಹೇಳು ಇವ್ರಿಗೆ."

"ಅತ್ತೆಗೆ ತುಂಬಾ ಸಂತೋಷವಾಯಿತಂತೆ" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಆಮೇಲೆ ಲಕೋಟೆ ಬಂತು. ಪ್ರಯೋಗಕ್ಕೆ ಒಪ್ಪಿದವರಲ್ಲಿ ಅರ್ಧ ಜನರಿಗೆ ಯಂತ್ರ ಆರಿಸಿದ ಭ್ರೂಣ, ಇನ್ನರ್ಧ ಜನರಿಗೆ ಕಣ್ಣು ಆರಿಸಿದ ಭ್ರೂಣ. ಯಾರು ಯಾವ ಕಡೆ ಎಂಬುದನ್ನು ಯಾರೂ ಆರಿಸುವಂತಿಲ್ಲ. ಮುಚ್ಚಿದ ಲಕೋಟೆಗಳಲ್ಲಿ ಒಂದನ್ನು ತೆಗೆಯಬೇಕು. ಅದರಲ್ಲಿ ಏನಿದೆಯೋ ಅದೇ ಅಂತಿಮ. ಇದು ವಿಜ್ಞಾನದ ಶುದ್ಧ ಕ್ರಮ, ನಾನೇ ಮಕ್ಕಳಿಗೆ ಕಲಿಸಿದ್ದೇನೆ. ಆದರೂ ನರ್ಸು ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಲಕೋಟೆಯ ರಾಶಿಗೆ ಕೈ ಹಾಕಿದಾಗ ನಾನು ಮೂಗಿಗೆ ಕರ್ಪೂರದ ವಾಸನೆ ಬರುತ್ತದೋ ಎಂದು ನೋಡಿದೆ.

"ಇದೆಂತ ಮಾಡ್ತ್ರು?" ಎಂದು ಅತ್ತೆ ಕೇಳಿದರು.

"ಪ್ರಸಾದ ಕೇಳ್ತಾ ಇದ್ದಾರೆ ಅತ್ತೆ."

ಅತ್ತೆ ಒಮ್ಮೆಲೇ ಕೈ ಮುಗಿದು ಕೂತರು. ಲಕೋಟೆಯಲ್ಲಿ 'ಯಂತ್ರ' ಎಂದಿತ್ತು. ಅತ್ತೆಗೆ ಹಿಡಿಸಲಿಲ್ಲ. "ಸಮಾ ಕೇಳ್ಲಿಲ್ಲ ಅವ್ಳು. ಇನ್ನೊಂದ್ಸಲ ತೆಗೂಕೆ ಹೇಳು."

ಈ ಮಾತನ್ನು ನಾನು ನುಂಗದೆ ಹೇಳಿದೆ. ಎರಡನೇ ಸಲ ತೆಗೆಯುವ ಕ್ರಮ ಇಲ್ಲ ಎಂದರು ಡಾಕ್ಟರ್.

"ಹಂಗಾದ್ರೆ ನಮ್ಮ ದೇವ್ರೇ ವಾಸಿ" ಎಂದು ಅತ್ತೆ ಚೀಲ ಎತ್ತಿಕೊಂಡರು.

ಮೀನು ಮಾರುಕಟ್ಟೆ

ಚುಚ್ಚುಮದ್ದು, ಅಂಡ ತೆಗೆಯುವುದು ಎಲ್ಲ ಮುಗಿದು ಕೊನೆಗೆ ಎರಡು ಭ್ರೂಣಗಳಾದವು. ಐದು ದಿನ ಅವು ತಟ್ಟೆಯಲ್ಲಿ ಬೆಳೆಯುವವರೆಗೆ ನಮಗೆ ಕಾಯುವ ಕೆಲಸ. ಕಾಯುವುದೆಂದರೆ ಏನೆಂದು ಕಾದವರಿಗೇ ಗೊತ್ತು. ಫೋನು ಸದ್ದು ಮಾಡಿದರೆ ಓಡಿ ಹೋಗುತ್ತಿದ್ದೆ, ಸದ್ದು ಮಾಡದಿದ್ದರೆ ಕೆಟ್ಟಿದೆಯೋ ಎಂದು ಎತ್ತಿ ನೋಡುತ್ತಿದ್ದೆ. ಮಂಜುನಾಥ ನನ್ನ ಮುಖ ನೋಡುವುದನ್ನೇ ಬಿಟ್ಟು ಜುಲೇಖಾಬಿಯ ಮನೆಯ ಮಿಕ್ಸಿ, ಫ್ಯಾನು, ನಲ್ಲಿ ಎಲ್ಲವನ್ನೂ ರಿಪೇರಿ ಮಾಡಿದರು. ಸರಿ ಇದ್ದವನ್ನೂ ಮಾಡಿದರು.

ಇದನ್ನು ನೋಡಲಾರದೆ ಜುಲೇಖಾಬಿ ಒಂದು ಬೆಳಿಗ್ಗೆ ನಮ್ಮನ್ನು ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದರು. ದುಬೈಗೆ ಬಂದ ಮೇಲೆ ಅತ್ತೆಯ ಬೆನ್ನು ನೆಟ್ಟಗಾಗಿದ್ದು ಅಲ್ಲಿಯೇ. ನಮ್ಮ ಇಸ್ವಾಣ, ನಮ್ಮ ಬಂಗಡೆ, ಅದೇ ಕಣ್ಣು, ಅದೇ ನಾತ. ಆದರೆ ಮಾರುವವರೆಲ್ಲ ಗಂಡಸರು. ಅತ್ತೆಗೆ ಅದೊಂದು ದೊಡ್ಡ ಸೋಜಿಗ. "ಇವ್ರ ಹೆಂಡ್ರು ದೋಣಿಗೆ ಹೋಗ್ತ್ರಾ?" ಎಂದು ಕೇಳಿದರು.

ಬಂಗಡೆ ಕೊಂಡೆವು. ಭಾಷೆ ಒಂದೂ ಇಲ್ಲದೆ, ಬರೀ ಬೆರಳು ಮತ್ತು ಮೂಗು ಬಳಸಿ ಅತ್ತೆ ಚೌಕಾಶಿ ಮುಗಿಸಿದರು. ಚೀಲ ಕೊಟ್ಟ ಮೇಲೂ ಕದಲದೆ ನಿಂತರು. ಮಾರುವವನು ಇವರ ಮುಖ ನೋಡಿದ, ಇವರು ಅವನ ಬುಟ್ಟಿ ನೋಡಿದರು. ಅವನು ನಕ್ಕು ಒಂದು ಸಣ್ಣ ಬಂಗಡೆಯನ್ನು ಚೀಲಕ್ಕೆ ಎಸೆದ.

"ಸಣ್ಣದೇ ಹಾಕ್ದ. ವ್ಯಾಪಾರ ಗೊತ್ತದೆ ಅವ್ನಿಗೆ" ಎಂದು ಅತ್ತೆ ಮೆಚ್ಚಿಕೊಂಡರು. ಆ ದಿನದಿಂದ ಅವರು ದುಬೈಯನ್ನು ಪರದೇಶ ಎನ್ನುವುದನ್ನು ನಿಲ್ಲಿಸಿದರು.

ಚಾವಣಿಯ ಕೆಳಗೆ

ಭ್ರೂಣವನ್ನು ಒಳಗಿಡುವ ದಿನ ಹೆಂಗಸು ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಬರಬೇಕು. ಹಾಗಿದ್ದರೆ ಸ್ಕ್ಯಾನಿನಲ್ಲಿ ಗರ್ಭಕೋಶ ಚೆನ್ನಾಗಿ ಕಾಣುತ್ತದಂತೆ. ನಾನು ಹೇಳಿದ್ದನ್ನು ಸ್ವಲ್ಪ ಹೆಚ್ಚೇ ಮಾಡುವ ವಿದ್ಯಾರ್ಥಿನಿ. ಶರಾವತಿಗೆ ಅಣೆಕಟ್ಟು ಕಟ್ಟಿದ ಹಾಗೆ ಮಂಚದ ಮೇಲೆ ಮಲಗಿ ಚಾವಣಿಯ ಬಿರುಕು ನೋಡುತ್ತಿದ್ದೆ. ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಅತ್ತೆ.

ಡಾಕ್ಟರ್ ಸಮೀರಾ ಬಂದು ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. ಎರಡೂ ನನ್ನ ಕಣ್ಣಿಗೆ ಒಂದೇ. ಮೊದಲನೆಯದಕ್ಕೆ ಯಂತ್ರ ಒಳ್ಳೆಯ ಅಂಕ ಕೊಟ್ಟಿದೆ, ತುಂಬಾ ಶಾಂತ, ಅದನ್ನು ಈಗ ಇಡುತ್ತೇವೆ ಎಂದರು. ಎರಡನೆಯದು ತನ್ನ ಹನಿಯಲ್ಲಿದ್ದುದನ್ನೆಲ್ಲ ತಿಂದು ಹಾಕಿದೆ, ಅಂಕ ಬಹಳ ಕಡಿಮೆ, ಘನೀಕರಿಸಿ ಇಡುವಷ್ಟೂ ಯೋಗ್ಯವಲ್ಲ.

"ಅದನ್ನು ಏನು ಮಾಡುತ್ತೀರಿ?"

"ಬಿಡುತ್ತೇವೆ" ಎಂದರು.

ನಾನು ಅತ್ತೆಗೆ ಹೇಳಿದೆ. ಅತ್ತೆ ಪರದೆಯ ಹತ್ತಿರ ಹೋಗಿ ಎರಡನೆಯದನ್ನೇ ನೋಡುತ್ತ ನಿಂತರು. ಆಮೇಲೆ ಡಾಕ್ಟರ ಕಡೆ ತಿರುಗಿ, ಬಂಗಡೆ ಮಾರುವವನ ಮುಂದೆ ನಿಂತ ಹಾಗೇ ನಿಂತರು.

"ತೂಕದ್ದು ಹಾಕ್ಲಿ, ನಾ ಬೇಡ ಅನ್ನೂದಿಲ್ಲ. ಮೇಲೊಂದು ಕೊಸರು ಹಾಕೂಕೆ ಹೇಳು."

"ಆಯಿ, ಇದು ಮೀನು ಪೇಟೆ ಅಲ್ಲ" ಎಂದರು ಮಂಜುನಾಥ.

"ಗೊತ್ತದೆ. ಮೀನು ಪೇಟೆ ಆಗಿದ್ರೆ ನಾ ಕೇಳೂಕೆ ಮುಂಚೆ ಹಾಕ್ತಿದ್ರು."

ಡಾಕ್ಟರ್ ನನ್ನ ಮುಖ ನೋಡಿದರು. ನುಂಗಲು ನನ್ನ ಹೊಟ್ಟೆಯಲ್ಲಿ ಜಾಗ ಇರಲಿಲ್ಲ. ಕೊಸರಿಗೆ ಇಂಗ್ಲಿಷಿನಲ್ಲಿ ಪದ ಸಿಗದೆ, ನಮ್ಮಲ್ಲಿ ವ್ಯಾಪಾರ ಮುಗಿದ ಮೇಲೆ ಮೇಲಿಂದ ಒಂದು ಕೊಡುತ್ತಾರೆ, ಅತ್ತೆ ಅದನ್ನು ಕೇಳುತ್ತಿದ್ದಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರ್ ಸಮೀರಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರ ತಾಯಿಯೂ ತರಕಾರಿಯವನ ಹತ್ತಿರ ಮೇಲೊಂದು ಸೌತೆಕಾಯಿ ಸಿಗದೆ ಮನೆಗೆ ಬರುತ್ತಿರಲಿಲ್ಲವಂತೆ, ಚಿಕ್ಕವರಿದ್ದಾಗ ಇವರಿಗೆ ಅದರಿಂದ ನಾಚಿಕೆಯಾಗುತ್ತಿತ್ತಂತೆ.

ನಗು ಮುಗಿದ ಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಕೂತರು. ಎರಡನ್ನೂ ಇಟ್ಟರೆ ಅವಳಿಯಾಗಬಹುದು, ಅದರಲ್ಲಿ ಅಪಾಯ ಇದೆ. ಪ್ರಯೋಗದ ನಿಯಮ ಒಂದೇ ಇಡಬೇಕೆಂದು. ಎರಡು ಇಟ್ಟರೆ ನಮ್ಮ ಹೆಸರು ಪ್ರಯೋಗದಿಂದ ಹೊರಗೆ. ಚಿಕಿತ್ಸೆಗೆ ತೊಂದರೆಯಿಲ್ಲ, ಆದರೆ ಮಗುವಾದರೂ ನಾವು ಅವರ ಲೆಕ್ಕಕ್ಕೆ ಸೇರುವುದಿಲ್ಲ. ಯಂತ್ರದವರಿಗೆ ಇದರಿಂದ ಸಿಟ್ಟು ಬರುತ್ತದೆ ಎಂದೂ ಸೇರಿಸಿದರು. ಮಂಜುನಾಥ ಮೆಲ್ಲಗೆ, "ಡಾಕ್ಟರ್ ಹೇಳಿದ ಹಾಗೇ ಆಗಲಿ" ಎಂದರು. ಅತ್ತೆ ಪರದೆಯ ಮುಂದಿನಿಂದ ಕದಲಲಿಲ್ಲ.

"ಇವರಿಗಲ್ಲ, ನಿಮಗೆ ಏನು ಬೇಕು?" ಎಂದು ಡಾಕ್ಟರ್ ನನ್ನನ್ನು ಕೇಳಿದರು.

ಎಂಟು ವರ್ಷದಲ್ಲಿ ನನ್ನನ್ನು ಎಲ್ಲರೂ ಎಲ್ಲವನ್ನೂ ಕೇಳಿದ್ದರು, ಇದೊಂದನ್ನು ಬಿಟ್ಟು. ನನಗೆ ಅಳು ಬಂತು. ಮೂತ್ರ ಕಟ್ಟಿಕೊಂಡವಳು ಅಳಬಾರದು, ಅದು ಬಹಳ ಕಷ್ಟ. ಆ ಎರಡನೆಯ ಚಿತ್ರವನ್ನು ನೋಡಿದೆ. ತಟ್ಟೆ ಖಾಲಿ ಮಾಡಿದ್ದಕ್ಕೆ ಬೇಡವಾದದ್ದು ಅದು. ನಾನು ಅವತ್ತು ಕುಮಟಾದಲ್ಲಿ ಎರಡನೇ ಸಲ ಅವಲಕ್ಕಿ ಹಾಕಿಸಿಕೊಂಡವಳು.

"ಎರಡೂ" ಎಂದೆ. "ಆದಷ್ಟು ಬೇಗ."

ಡಾಕ್ಟರ್ ಎದ್ದು ನರ್ಸಿಗೆ ಏನೋ ಹೇಳಿದರು. ಅತ್ತೆ ಮೊದಲ ಬಾರಿಗೆ ನನ್ನ ತಲೆಯ ಮೇಲೆ ಕೈ ಇಟ್ಟರು. ಅವರ ಕೈಯಲ್ಲಿ ಅಷ್ಟು ದಿನವಾದರೂ ಹೋಗದ ಮೀನಿನ ವಾಸನೆ ಇತ್ತು, ನನಗೆ ಅದರಿಂದ ಧೈರ್ಯ ಬಂತು.

ಮತ್ತೆ ದೇರಾ

ಎರಡು ವಾರ ಜುಲೇಖಾಬಿಯ ಮನೆಯಲ್ಲಿ ಮಲಗಿದ್ದೆ. ಆಸ್ಪತ್ರೆಯವರು ಮಲಗಬೇಕೆಂದೇನೂ ಹೇಳಿರಲಿಲ್ಲ. ಜುಲೇಖಾಬಿ ಹೇಳಿದ್ದರು, ಅದರ ಮೇಲೆ ಮೇಲ್ಮನವಿ ಇರಲಿಲ್ಲ. ರಕ್ತ ಪರೀಕ್ಷೆಯ ದಿನ ಡಾಕ್ಟರ್ ಸಮೀರಾ ತಾವೇ ಫೋನು ಮಾಡಿದರು. ಮಂಜುನಾಥ ಮಾತು ಕೇಳಿಸಿಕೊಂಡು, ಫೋನು ಕೆಳಗಿಟ್ಟು, ಸರಿಯಾಗಿಯೇ ತಿರುಗುತ್ತಿದ್ದ ಫ್ಯಾನನ್ನು ಬಿಚ್ಚತೊಡಗಿದರು. ಅದರಿಂದ ನಮಗೆ ಸುದ್ದಿ ಏನೆಂದು ತಿಳಿಯದೆ ಅತ್ತೆ ಅವರ ಬೆನ್ನಿಗೊಂದು ಗುದ್ದಿ, "ಎಂತ ಅಂತ ಹೇಳಾ" ಎಂದ ಮೇಲೆ ಹೇಳಿದರು. ಗರ್ಭ ನಿಂತಿದೆ ಎಂದು.

ಕೆಲವು ವಾರದ ಮೇಲೆ ಸ್ಕ್ಯಾನಿನಲ್ಲಿ ಒಂದೇ ಕಂಡಿತು. ಎರಡರಲ್ಲಿ ಯಾವುದು ಎಂದು ಕೇಳಿದೆ. ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಯಂತ್ರಕ್ಕೂ ಇಲ್ಲ ಎಂದರು ಡಾಕ್ಟರ್. ಹೊರಡುವಾಗ ಅವರು ಅತ್ತೆಯನ್ನು ಅಪ್ಪಿಕೊಂಡರು. ಅತ್ತೆ ಅವರ ಕೈಗೆ ಊರಿನ ದೇವರ ಹೂ ಕೊಟ್ಟು, ಬಲಕ್ಕೆ ಬಿದ್ದದ್ದು ಎಂದು ನನ್ನಿಂದ ಹೇಳಿಸಿದರು. ಎಷ್ಟನೇ ಸಲ ಎಂಬುದನ್ನು ನಾನು ನುಂಗಿದೆ.

ಹೊನ್ನಾವರದ ಪೇಟೆ

ಮಗಳು ಗೌರಿಗೆ ಈಗ ಎರಡು ವರ್ಷ. ಈಚೆಗೆ ಭಟ್ಕಳಕ್ಕೆ ರಜೆಗೆ ಬಂದ ಜುಲೇಖಾಬಿ, ಆ ಯಂತ್ರದ ಮೇಲೆ ಈಗ ಬಟ್ಟೆ ಹೊದಿಸಿ ಇಟ್ಟಿದ್ದಾರೆ ಎಂದರು. ಅದು ಆರಿಸಿದ್ದಕ್ಕೂ ಕಣ್ಣು ಆರಿಸಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲವಂತೆ. ಬೇರೊಂದು ಯಂತ್ರ ಬರುತ್ತದಂತೆ. ವಿಜ್ಞಾನದ ಟೀಚರಾಗಿ ನನಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ, ಹಾಗೆ ಪರೀಕ್ಷಿಸಿ ನೋಡಿಯೇ ತಿಳಿಯಬೇಕು. ಆದರೂ ಸ್ವಲ್ಪ ನಕ್ಕೆ.

ಗೌರಿ ಶಾಂತಳಲ್ಲ. ಅನ್ನದ ಬಟ್ಟಲು ಖಾಲಿಯಾದರೆ ಅದನ್ನೇ ನೆಲಕ್ಕೆ ಬಡಿದು ಇನ್ನೂ ಕೇಳುತ್ತಾಳೆ. ಅವಳು ಎರಡನೇ ಸಲ ಹಾಕಿಸಿಕೊಂಡಾಗಲೆಲ್ಲ ಅತ್ತೆ ನನ್ನ ಕಡೆ ನೋಡಿ, "ನೋಡು, ಕೊಸರೇ" ಎನ್ನುತ್ತಾರೆ. ಅದಕ್ಕೆ ಆಧಾರವಿಲ್ಲ, ಶಾಂತವಾದದ್ದೂ ಹುಟ್ಟಿದ ಮೇಲೆ ಹೀಗೆ ಆಗಬಹುದು ಎಂದು ನಾನು ಹೇಳಿ ನೋಡಿದ್ದೇನೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ಶಾಲೆಗೆ ರಜೆಯಿದ್ದ ಒಂದು ದಿನ ಅವಳನ್ನು ಕರೆದುಕೊಂಡು ಅತ್ತೆ ಕೂತಲ್ಲಿಗೆ ಹೋದೆ. ಒಬ್ಬ ಹೆಂಗಸು ಚೌಕಾಶಿಯೆಲ್ಲ ಮುಗಿಸಿ ಚೀಲ ಹಿಡಿದು, "ಅಮ್ಮಾ, ಒಂದು ಕೊಸರು ಹಾಕಿ" ಎಂದರು. ಅತ್ತೆ ಎಂದಿನಂತೆ ಚಿಕ್ಕದನ್ನು ಹುಡುಕುತ್ತಿದ್ದರು. ಅವರ ಮಡಿಲಲ್ಲಿ ಕೂತಿದ್ದ ಗೌರಿ ಎರಡೂ ಕೈಯಿಂದ ಬುಟ್ಟಿಯ ಎಲ್ಲಕ್ಕಿಂತ ದೊಡ್ಡ ಬಂಗಡೆಯನ್ನು ಎತ್ತಿ ಆ ಚೀಲಕ್ಕೆ ಹಾಕಿಬಿಟ್ಟಳು. ಹೆಂಗಸು ಹೆದರಿ ಅತ್ತೆಯ ಮುಖ ನೋಡಿದರು, ಅಕ್ಕಪಕ್ಕದ ಬುಟ್ಟಿಯವರೂ ನೋಡಿದರು.

ಅತ್ತೆ ಆ ಮೀನನ್ನು ವಾಪಸು ತೆಗೆಯಲಿಲ್ಲ.

"ಆತು, ತಕಂಡೋಗಿ" ಎಂದರು.